ಕುಂಡದ ಚೆರ್ರಿ ಗಿಡ ಮತ್ತು ಕೈಗುಣದ ಪ್ರಶ್ನೆ



ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಬಾಲ್ಕನಿ ತೋಟದ ಬಗ್ಗೆ ಫೋನ್-ಇನ್ ಇಟ್ಟುಕೊಂಡಿದ್ದೆವು, ನಿಮಗೆ ನೆನಪಿರಬಹುದು. ಕರಿಬೇವು ಯಾಕೆ ಚಿಗುರುವುದಿಲ್ಲ, ಮಲ್ಲಿಗೆಗೆ ಎಷ್ಟು ಬಿಸಿಲು ಬೇಕು, ತುಳಸಿ ಯಾಕೆ ಒಣಗಿತು ಎನ್ನುವ ಕರೆಗಳೇ ಹೆಚ್ಚು. ನಡುವೆ ಚೆಂಬೂರಿನಿಂದ ಒಂದು ಕರೆ ಬಂತು. ಆ ತಾಯಿಯ ಮಗ ಜಪಾನಿನ ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾನೆ. ವರ್ಷವರ್ಷವೂ ಮಾರ್ಚ್ ಕೊನೆಗೆ, ಹೂ ತುಂಬಿದ ಚೆರ್ರಿ ಮರದ ಕೆಳಗೆ ನಿಂತು ಫೋಟೋ ಕಳಿಸುತ್ತಾನೆ. ಮಗ ನೋಡುವ ಹೂವನ್ನು ತಾನೂ ನೋಡಬೇಕೆಂದು ಇವರು ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು 'ಸಕುರಾ' ಗಿಡ ತರಿಸಿದರು. ಮೂರು ವರ್ಷವಾಯಿತು. ಎಲೆ ಬರುತ್ತದೆ, ಉದುರುತ್ತದೆ, ಮತ್ತೆ ಬರುತ್ತದೆ. ಹೂ ಮಾತ್ರ ಒಂದೂ ಇಲ್ಲ.

"ಗೊಬ್ಬರ ಹಾಕಿದೆ, ಮೀನು ತೊಳೆದ ನೀರು ಹಾಕಿದೆ. ಅದಕ್ಕೆ ಚಳಿ ಬೇಕು ಅಂತ ಯಾರೋ ಹೇಳಿದರು, ದಿನಾ ಒಂದು ಟ್ರೇ ಐಸ್ ಬುಡಕ್ಕೆ ಹಾಕಿದೆ. ಎಂತ ಅಕ್ಕ, ನನ್ನ ಕೈಗುಣವೇ ಸರಿ ಇಲ್ಲವಾ?"

ರೇಡಿಯೋದಲ್ಲಿ ನನಗೆ ಸಿಕ್ಕಿದ್ದು ಎರಡು ನಿಮಿಷ. "ಕೈಗುಣದ ಮಾತಲ್ಲ ಅಮ್ಮಾ, ಮನೆಗೇ ಬಂದು ನೋಡುತ್ತೇನೆ" ಎಂದಷ್ಟೇ ಹೇಳಿ ಮುಂದಿನ ಹಾಡಿಗೆ ಹೋದೆ. ಆಮೇಲೆ ಇದೇ ಪ್ರಶ್ನೆ ಪುಣೆಯಿಂದ ಬಂತು, ಹೈದರಾಬಾದಿನಿಂದಲೂ ಬಂತು. ಹಾಗಾಗಿ ಈ ಸಲದ ಪುಟ ಪೂರ್ತಿ ಚೆರ್ರಿಗೆ.

ಮೊದಲು ಒಂದು ಮಾತು. ಇಲ್ಲಿ ಹೇಳುತ್ತಿರುವುದು ಹೂವಿಗಾಗಿ ಬೆಳೆಸುವ ಚೆರ್ರಿ, ತಿನ್ನುವ ಹಣ್ಣಿನದಲ್ಲ. ಎರಡೂ ಒಂದೇ ಕುಲದವು, ಸೇಬು, ಪೀಚ್, ಗುಲಾಬಿಗಳೆಲ್ಲ ಅದರ ನೆಂಟರು. ಕುಲದ ಸ್ವಭಾವವೂ ಹೆಚ್ಚುಕಡಿಮೆ ಒಂದೇ: ಚಳಿಗಾಲದಲ್ಲಿ ಎಲೆ ಉದುರಿಸಿ ಗಾಢವಾಗಿ ನಿದ್ದೆ ಮಾಡಬೇಕು.

ಈ ನಿದ್ದೆಯ ಕಥೆ ಬಹಳ ಸ್ವಾರಸ್ಯವಾಗಿದೆ. ನಾವು ವಸಂತದಲ್ಲಿ ನೋಡುವ ಹೂವಿನ ಮೊಗ್ಗು ಆಗ ಹುಟ್ಟಿದ್ದಲ್ಲ. ಹಿಂದಿನ ವರ್ಷದ ಬೇಸಿಗೆಯಲ್ಲೇ, ಅಂದರೆ ಜಪಾನಿನ ಜುಲೈ-ಆಗಸ್ಟ್‌ನಲ್ಲಿ, ಎಲೆಯ ಕಂಕುಳಲ್ಲಿ ಅದು ಮೂಡಿರುತ್ತದೆ. ಆಮೇಲೆ ಎಲೆ ಉದುರುತ್ತದೆ, ಮೊಗ್ಗು ಬೀಗ ಹಾಕಿಕೊಂಡು ಮಲಗುತ್ತದೆ. ಈ ಬೀಗಕ್ಕೆ ವಿಜ್ಞಾನಿಗಳು ಮುಖ್ಯವಾಗಿ ಹೇಳುವ ಹೆಸರು ಅಬ್ಸಿಸಿಕ್ ಆಮ್ಲ, ಬೆಳವಣಿಗೆಯನ್ನು ತಡೆಹಿಡಿಯುವ ಒಂದು ಹಾರ್ಮೋನು. ಬೆಚ್ಚಗಾದರೆ ಮೊಗ್ಗು ಏಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಚಳಿ ಸಾಕಷ್ಟು ಹೊತ್ತು ತಾಗದೆ ಈ ಬೀಗ ಸಡಿಲವಾಗುವುದೇ ಇಲ್ಲ. ತೋಟದವರು ಇದನ್ನು ಗಂಟೆಗಳಲ್ಲಿ ಲೆಕ್ಕ ಹಾಕುತ್ತಾರೆ. ಉಷ್ಣತೆ ಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ ಪ್ರತಿ ಗಂಟೆಯೂ ಒಂದು ಜಮೆ. ತಳಿಗೆ ತಕ್ಕಂತೆ ಕೆಲವು ನೂರು ಗಂಟೆಗಳಿಂದ ಸಾವಿರ ದಾಟಿದ ಗಂಟೆಗಳವರೆಗೆ ಬೇಕಾಗುತ್ತದೆ.

ನಮ್ಮ ಊರ ಕಡೆ ಬ್ಯಾಂಕಿನ ಪಿಗ್ಮಿ ಏಜೆಂಟ್ ಸಂಜೆ ಸಂಜೆ ಅಂಗಡಿಗೆ ಬಂದು ಎರಡು ರೂಪಾಯಿ, ಐದು ರೂಪಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದರಲ್ಲ, ಇದೂ ಹಾಗೆಯೇ. ರಾತ್ರಿ ರಾತ್ರಿ ಚಳಿ ಜಮೆಯಾಗುತ್ತಾ ಹೋಗುತ್ತದೆ. ಆದರೆ ಮಧ್ಯಾಹ್ನ ಬಿಸಿಲೇರಿ ಸೆಕೆಯಾದರೆ ರಾತ್ರಿ ಕಟ್ಟಿದ ದುಡ್ಡನ್ನು ಹಗಲು ವಾಪಸು ತೆಗೆದಂತೆ, ಜಮೆಯಾದದ್ದರಲ್ಲಿ ಒಂದು ಪಾಲು ಅಳಿದುಹೋಗುತ್ತದೆ. ಪುಣೆಯವರು, ಹೈದರಾಬಾದಿನವರು ಇದನ್ನು ಗಮನಿಸಬೇಕು. "ನಮ್ಮಲ್ಲಿ ಡಿಸೆಂಬರ್‌ನಲ್ಲಿ ಒಳ್ಳೆ ಚಳಿ ಇರುತ್ತದಲ್ಲ" ಎಂದು ಬರೆದಿದ್ದೀರಿ. ಹೌದು, ಬೆಳಗಿನ ಜಾವ ಸ್ವೆಟರ್ ಬೇಕು. ಅದೇ ದಿನ ಮಧ್ಯಾಹ್ನ ಫ್ಯಾನೂ ಬೇಕಲ್ಲ!

ಬೀಗ ತೆರೆದ ಮೇಲೆ ಬೇರೆಯೇ ಲೆಕ್ಕ ಶುರು. ಆಗ ಬೇಕಾದದ್ದು ಬಿಸಿ. ಟೋಕಿಯೊದಲ್ಲಿ ಜನ ಹೇಳುವ ಒಂದು ಬಾಯಿಲೆಕ್ಕ ಇದೆ: ಫೆಬ್ರವರಿ 1ರಿಂದ ಪ್ರತಿದಿನದ ಗರಿಷ್ಠ ಉಷ್ಣತೆಯನ್ನು ಕೂಡಿಸುತ್ತಾ ಹೋಗಿ, ಮೊತ್ತ 600ರ ಹತ್ತಿರ ಬಂದಾಗ ಹೂ ಅರಳುತ್ತದೆ. ಅಲ್ಲಿನ ಹವಾಮಾನ ಇಲಾಖೆಯೂ ಹಿಂದೆ ಬಿದ್ದಿಲ್ಲ. ಊರೂರಿಗೆ ಮಾದರಿ ಮರಗಳನ್ನು ಗೊತ್ತು ಮಾಡಿದೆ. ಟೋಕಿಯೊದ ಮಾದರಿ ಮರ ಯಾಸುಕುನಿ ದೇಗುಲದ ಆವರಣದಲ್ಲಿದೆ. ಅದರಲ್ಲಿ ಐದಾರು ಹೂ ಅರಳಿದ್ದನ್ನು ಅಧಿಕಾರಿಗಳು ಬಂದು ಎಣಿಸಿದ ಮೇಲೆಯೇ "ಟೋಕಿಯೊದಲ್ಲಿ ಹೂವಾಯಿತು" ಎಂಬ ಘೋಷಣೆ. ಅಲ್ಲಿ ಹೆಚ್ಚಾಗಿ ಕಾಣುವ 'ಸೊಮೆಯ್ ಯೊಶಿನೊ' ತಳಿಯ ಮರಗಳೆಲ್ಲ ಕಸಿಯಿಂದಲೇ ಬೆಳೆಸಿದವು, ಒಂದೇ ಮರದ ನಕಲುಗಳಿದ್ದಂತೆ. ಅದಕ್ಕೇ ಒಂದು ಬೀದಿಯ ಮರಗಳೆಲ್ಲ ಒಟ್ಟಿಗೆ ಅರಳಿ, ಒಟ್ಟಿಗೆ ಉದುರುತ್ತವೆ.

ಜಪಾನಿನ ಮುಖ್ಯ ದ್ವೀಪಗಳಲ್ಲಿ ಹೂ ದಕ್ಷಿಣದಿಂದ ಉತ್ತರಕ್ಕೆ ಏರುತ್ತದೆ, ಬಿಸಿ ಹೋದ ದಾರಿಯಲ್ಲಿ. ದಕ್ಷಿಣದ ತುದಿಯ ಓಕಿನಾವಾ ಮಾತ್ರ ಉಲ್ಟಾ. ಅಲ್ಲಿನ ಗಾಢ ಗುಲಾಬಿಯ ಕನ್‌ಹಿಜಕುರಾ ಜಾತಿ ಜನವರಿಯಲ್ಲೇ ಅರಳುತ್ತದೆ, ಅದೂ ಉತ್ತರದ ಬೆಟ್ಟಗಳಲ್ಲಿ ಮೊದಲು, ಆಮೇಲೆ ದಕ್ಷಿಣಕ್ಕೆ. ಬೆಚ್ಚಗಿನ ದ್ವೀಪವಾದ್ದರಿಂದ ಅಲ್ಲಿ ಕೊರತೆ ಇರುವುದು ಚಳಿಗೇ. ಚಳಿ ಎಲ್ಲಿ ಮೊದಲು ತಲುಪುತ್ತದೋ ಅಲ್ಲಿ ಮೊದಲು ಹೂ. ನನಗಂತೂ ಇದನ್ನು ಓದಿದಾಗಲೇ ಚೆರ್ರಿಯ ಗುಟ್ಟು ಪೂರ್ತಿ ಹೊಳೆದದ್ದು.

ಇನ್ನು ಐಸಿನ ವಿಷಯ. ಚೆಂಬೂರಿನ ತಾಯಿ ಒಬ್ಬರೇ ಅಲ್ಲ, ಬುಡಕ್ಕೆ ಐಸ್ ಹಾಕುವವರು ಬಹಳ ಮಂದಿ ಇದ್ದಾರೆ. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1920ರಲ್ಲಿ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಬ್ಲೂಬೆರಿ ಗಿಡವನ್ನು ಬೆಚ್ಚಗಿನ ಗಾಜಿನಮನೆಯೊಳಗೆ ಇಟ್ಟು, ಅದರ ಒಂದು ಕೊಂಬೆಯನ್ನು ಮಾತ್ರ ಹೊರಗಿನ ಚಳಿಗೆ ಚಾಚಿಸಿದರು. ವಸಂತ ಬಂದಾಗ ಚಳಿ ಉಂಡ ಆ ಒಂದು ಕೊಂಬೆ ಚಿಗುರಿತು, ಒಳಗೆ ಸುಖವಾಗಿದ್ದ ಉಳಿದ ಗಿಡ ಮಲಗಿಯೇ ಇತ್ತು. ಚಳಿಯ ಲೆಕ್ಕ ಇಡುವುದು ಬೇರಲ್ಲ, ಒಂದೊಂದು ಮೊಗ್ಗೂ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಬುಡಕ್ಕೆ ಹಾಕಿದ ಐಸಿನಿಂದ ಬೇರಿಗೆ ನೋವು, ಮೊಗ್ಗಿಗೆ ಏನೂ ಇಲ್ಲ. "ಹಾಗಾದರೆ ಗಿಡವನ್ನೇ ಫ್ರಿಜ್ಜಿನಲ್ಲಿ ಇಡಬಹುದಲ್ಲ" ಎಂದು ಪುಣೆಯ ಇಂಜಿನಿಯರ್ ಒಬ್ಬರು ಕೇಳಿದ್ದಾರೆ. ತಿಂಗಳುಗಟ್ಟಲೆ ಇಡಬೇಕು ಸ್ವಾಮಿ. ಜೊತೆಗೆ ಅಲ್ಲಿರುವ ಸೇಬು, ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಮೊಗ್ಗಿಗೆ ಆಗಿಬರುವುದಿಲ್ಲ. ಮನೆಯವರಿಗೂ ಆಗಿಬರಲಿಕ್ಕಿಲ್ಲ.

ಮುಂಬೈಯ ಲೆಕ್ಕ ಕೇಳಿ. ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.4 ಡಿಗ್ರಿ, ಅದು 1962ರ ಜನವರಿಯಲ್ಲಿ. ಅಂದರೆ ನಗರದ ದಾಖಲೆಯ ಚಳಿಯ ಆ ಒಂದು ರಾತ್ರಿಯಲ್ಲೂ ಚೆರ್ರಿಯ ಖಾತೆಗೆ ಒಂದು ಗಂಟೆಯೂ ಜಮೆಯಾಗುತ್ತಿರಲಿಲ್ಲ! ಚೆನ್ನೈಯ ಮಾತು ಬಿಟ್ಟೇಬಿಡೋಣ. ದೆಹಲಿಯಲ್ಲಿ ರಾತ್ರಿಯ ಚಳಿ ಸ್ವಲ್ಪ ಒದಗುತ್ತದೆ, ಆದರೆ ಮೇ-ಜೂನ್‌ನ 45 ಡಿಗ್ರಿ ಬಿಸಿಗಾಳಿಯಲ್ಲಿ ಕುಂಡದ ಬೇರು ಬೆಂದುಹೋಗುತ್ತದೆ.

ಆ ಭಾನುವಾರ ಚೆಂಬೂರಿಗೆ ಹೋದೆ. ಮೊದಲು ನೋಡಬೇಕಾದದ್ದು ಅದು ಚೆರ್ರಿ ಹೌದೋ ಅಲ್ಲವೋ ಎಂಬುದನ್ನು. ಯಾಕೆಂದರೆ ನಮ್ಮಲ್ಲಿ ಚೆರ್ರಿ ಎನ್ನುವ ಹೆಸರಿಗೆ ಮಿತಿಯೇ ಇಲ್ಲ. ಊರ ಶಾಲೆಯ ಹಿಂದೆ ನಾವೆಲ್ಲ ಹತ್ತಿ ತಿಂದ ಗಸಗಸೆ ಹಣ್ಣಿನ ಮರವನ್ನು ನರ್ಸರಿಯವರು ಸಿಂಗಪುರ ಚೆರ್ರಿ ಎನ್ನುತ್ತಾರೆ. ಕುಂಡದಲ್ಲಿ ಕೆಂಪು ಹಣ್ಣು ಬಿಡುವ ಬಾರ್ಬಡೋಸ್ ಚೆರ್ರಿ ಬೇರೆಯದೇ ಕುಟುಂಬ. ಬೇಕರಿ ಕೇಕಿನ ಮೇಲೆ ಕೂರುವ ಕೆಂಪು 'ಚೆರ್ರಿ' ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಚ್ಚಿದ ನಮ್ಮ ಕರಂಡೆ ಕಾಯಿ! ನಿಜವಾದ ಚೆರ್ರಿಯ ಗುರುತು ಸುಲಭ. ಎಲೆಯ ಅಂಚು ಗರಗಸದ ಹಲ್ಲಿನಂತೆ. ತೊಟ್ಟು ಎಲೆಗೆ ಸೇರುವಲ್ಲಿ ಸಾಸಿವೆಗಿಂತ ಸಣ್ಣ ಗಂಟುಗಳು, ಸಾಮಾನ್ಯವಾಗಿ ಎರಡು. ಅವು ಜೇನಿನ ಗ್ರಂಥಿಗಳು, ಇರುವೆಗಳು ಅವನ್ನು ಹುಡುಕಿಕೊಂಡು ಬರುತ್ತವೆ. ಕಾಂಡ ಬಲಿತರೆ ತೊಗಟೆಯ ಮೇಲೆ ಅಡ್ಡಡ್ಡ ಗೆರೆಗಳು.

ಇವರ ಗಿಡದಲ್ಲಿ ಗಂಟೂ ಇತ್ತು, ಗರಗಸವೂ ಇತ್ತು. ಚೆರ್ರಿಯೇ. ಆದರೆ ಬುಡದ ಹತ್ತಿರ ಬಗ್ಗಿ ನೋಡಿದರೆ ಕಸಿಯ ಗಂಟಿನ ಮೇಲಿನ ಭಾಗ ಒಣಗಿ ಕಡ್ಡಿಯಾಗಿತ್ತು. ಹಸಿರಾಗಿ ಎದ್ದು ನಿಂತ ಎರಡು ಚಿಗುರೂ ಕಸಿಯ ಕೆಳಗಿನಿಂದ ಬಂದವು. ಅಂದರೆ ಮೂರು ವರ್ಷ ಇವರು ಸಾಕಿದ್ದು ಸಕುರಾವನ್ನಲ್ಲ, ಅದನ್ನು ಹೊತ್ತಿದ್ದ ಬೇರಿನ ಗಿಡವನ್ನು. ಹಿಮಾಚಲದ ಕಡೆ ಚೆರ್ರಿಗೆ ಕಸಿ ಕಟ್ಟಲು ಅಲ್ಲಿನ ಕಾಡುಚೆರ್ರಿ 'ಪಾಜಾ' ಸಸಿಗಳನ್ನು ಬಳಸುವ ರೂಢಿ ಇದೆ. ಇದೂ ಬಹುಶಃ ಅದೇ. ಪಾಜಾ ಎಂದರೆ ಹಿಂದಿಯ ಪದಮ್, ಆಯುರ್ವೇದದ ಪದ್ಮಕ. ನಮ್ಮೂರ ಗ್ರಂಥಿಗೆ ಅಂಗಡಿಯಲ್ಲಿ ಪದ್ಮಕಾಷ್ಠ ಎಂದು ಚಕ್ಕೆ ಕೊಡುತ್ತಾರಲ್ಲ, ಆ ಮರ. ಹಿಮಾಲಯದಲ್ಲಿ ಅದು ಹೂ ಬಿಡುವುದು ಚಳಿಗಾಲದ ಹೊಸ್ತಿಲಲ್ಲಿ. ಶಿಲ್ಲಾಂಗ್‌ನಲ್ಲಿ 2016ರಿಂದ ನವೆಂಬರ್ ಹೊತ್ತಿಗೆ ಚೆರ್ರಿ ಹೂವಿನ ಉತ್ಸವ ನಡೆಸಲು ಶುರುಮಾಡಿದ್ದು ಇದೇ ಮರದ ಹೂವಿಗಾಗಿ.

"ಹಾಗಾದರೆ ನಾನು ಕೊಂದದ್ದಾ?" ಎಂದು ಕೇಳಿದರು. ಅಲ್ಲ. ಚಳಿ ಕಾಣದ ಕಸಿಕಡ್ಡಿ ಚಿಗುರಲಾರದೆ ತಾನೇ ಸೊರಗಿತು. ಬೇರು ಇಷ್ಟಾದರೂ ಬದುಕಿದ್ದು ಇವರ ಆರೈಕೆಯಿಂದಲೇ.

ಚಳಿ ಇರುವ ಕಡೆ ಕುಂಡದ ಚೆರ್ರಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮಕ್ಕಳು ಜಪಾನಿನಲ್ಲೋ ಇಂಗ್ಲೆಂಡಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದರೆ, ಇಲ್ಲವೇ ಶಿಮ್ಲಾ, ಮಸ್ಸೂರಿ ಕಡೆ ಕೆಲಸದಲ್ಲಿದ್ದರೆ, ಈ ಭಾಗವನ್ನು ಅವರಿಗೆ ಓದಿ ಹೇಳಿ. ಬೀದಿಬದಿಯ ದೊಡ್ಡ ತಳಿ ಕುಂಡಕ್ಕೆ ಬೇಡ. ಜಪಾನೀಯರು ಕುಂಡದಲ್ಲಿ ಹೆಚ್ಚಾಗಿ ಇಡುವುದು 'ಅಸಾಹಿಯಾಮಾ' ಎಂಬ ಗಿಡ್ಡ ತಳಿ. ಎಳೆ ಗುಲಾಬಿ ಬಣ್ಣ, ಸುತ್ತು ದಳ, ಮೊಣಕಾಲೆತ್ತರದಲ್ಲೇ ಹೂ. ಫ್ಯೂಜಿ ಪರ್ವತದ ಸುತ್ತಿನ ಚೆರ್ರಿಯಿಂದ ಬಂದ 'ಕೊಜೊ ನೊ ಮಾಯ್' ಇನ್ನೊಂದು. ಅದರ ರೆಂಬೆಗಳು ಅಂಕುಡೊಂಕಾಗಿ ಬೆಳೆಯುವುದರಿಂದ ಎಲೆಯಿಲ್ಲದಾಗಲೂ ನೋಡಲು ಚೆಂದ.

ಕುಂಡ ವರ್ಷಪೂರ್ತಿ ಹೊರಗೇ ಇರಬೇಕು. ಜನ ತಪ್ಪುವುದು ಇಲ್ಲೇ. ಹೂವಾದಾಗ ನಾಲ್ಕು ದಿನ ಒಳಗಿಟ್ಟು ನೋಡಿ ಸಂತೋಷಪಡಿ, ಆಮೇಲೆ ಹೊರಗೆ. ಪಾಪ ಚಳಿಯಾಗುತ್ತದೆಂದು ಡಿಸೆಂಬರ್‌ನಲ್ಲಿ ಹೀಟರ್ ಇರುವ ಹಾಲ್‌ಗೆ ತಂದರೆ ಅಮೆರಿಕದಲ್ಲಿದ್ದರೂ ನಿಮ್ಮ ಗಿಡದ ಪಾಲಿಗೆ ಅದು ಚೆಂಬೂರೇ. ತೀರಾ ಹಿಮ ಬೀಳುವ ಊರಾದರೆ ರೆಂಬೆಗಳನ್ನು ಮುಚ್ಚಬೇಡಿ, ಕುಂಡಕ್ಕೆ ಮಾತ್ರ ಗೋಣಿ ಸುತ್ತಿ. ನೆಲದೊಳಗಿನ ಬೇರಿಗಿರುವ ರಕ್ಷಣೆ ಕುಂಡದ ಬೇರಿಗೆ ಇರುವುದಿಲ್ಲ.

ನೀರು ನಿಲ್ಲದ ಮಣ್ಣು ಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹಾಗೆಂದು ಬೇಸಿಗೆಯಲ್ಲಿ ಒಣಗಿಸಿದರೆ, ಆಗ ಮೂಡಬೇಕಾದ ಮುಂದಿನ ವರ್ಷದ ಮೊಗ್ಗಿಗೇ ಕತ್ತರಿ. ಹೂ ಉದುರಿದ ಮೇಲೆ ಗೊಬ್ಬರ ಕೊಡುತ್ತಾರೆ. ಜಪಾನಿನ ತೋಟಗಾರರು ಇದಕ್ಕೆ ಇಟ್ಟ ಹೆಸರು 'ಓರೆಯ್-ಗೊಎ', ಅಂದರೆ ಕೃತಜ್ಞತೆಯ ಗೊಬ್ಬರ. ಹೂ ಕೊಟ್ಟು ದಣಿದ ಗಿಡಕ್ಕೆ ಬಾಣಂತಿಗೆ ಕೊಡುವ ಆರೈಕೆಯಂತೆ. ಎರಡು ಮೂರು ವರ್ಷಕ್ಕೊಮ್ಮೆ ಹೂ ಮುಗಿದ ಮೇಲೆ ಕುಂಡ ಬದಲಿಸಿ, ಆಗ ಬೇರಿನಲ್ಲಿ ಹೂಕೋಸಿನಂಥ ಗಡ್ಡೆಗಳಿವೆಯೇ ನೋಡಿ. ಅದು ಬ್ಯಾಕ್ಟೀರಿಯಾ ರೋಗ, ಅಂಥ ಗಿಡ ಇಟ್ಟುಕೊಳ್ಳಬೇಡಿ.

ಸವರುವ ವಿಷಯದಲ್ಲಿ ಜಪಾನೀ ಗಾದೆಯೊಂದು ಚೆರ್ರಿಯನ್ನು ಕತ್ತರಿಸುವವನೂ ಮೂರ್ಖ, ಪ್ಲಮ್ ಕತ್ತರಿಸದವನೂ ಮೂರ್ಖ ಎನ್ನುತ್ತದೆ. ಚೆರ್ರಿಯ ಗಾಯ ಬೇಗ ಮಾಯುವುದಿಲ್ಲ, ಅಲ್ಲಿಂದ ಕೊಳೆ ಒಳಗಿಳಿಯುತ್ತದೆ. ಕುಂಡದ ಗಿಡಕ್ಕೆ ಆಕಾರ ಬೇಕಲ್ಲ, ಅದಕ್ಕೆ ಹೂ ಮುಗಿದ ಮೇಲೆ ಸಣ್ಣ ಚಿಗುರುಗಳನ್ನಷ್ಟೇ ಚಿವುಟಿ. ದಪ್ಪ ಕೊಂಬೆ ತೆಗೆಯಲೇಬೇಕಾದರೆ ಗಾಯಕ್ಕೆ ಮುಲಾಮು ಹಚ್ಚಿ. ನಮ್ಮ ಅಡಿಕೆ ತೋಟದವರಿಗೆ ಗೊತ್ತಿರುವ ಬೋರ್ಡೋ, ಪೇಸ್ಟಿನ ರೂಪದಲ್ಲಿ, ಇದಕ್ಕೂ ನಡೆಯುತ್ತದೆ. ಕಸಿಯ ಕೆಳಗಿನ ಚಿಗುರನ್ನು ಮಾತ್ರ ಕಂಡ ಕೂಡಲೇ ತೆಗೆಯಿರಿ. ಇಲ್ಲವಾದರೆ ಚೆಂಬೂರಿನ ಕಥೆಯೇ.

ಮಗ ಸೂಟ್‌ಕೇಸಿನಲ್ಲಿ ಒಂದು ಸಸಿ ಹಾಕಿಕೊಂಡು ಬರುತ್ತೇನೆ ಎಂದಿದ್ದನಂತೆ. ಬೇಡವೇ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡ ತರುವಂತಿಲ್ಲ. ನಿಯಮ ಕಿರಿಕಿರಿ ಅನಿಸಬಹುದು, ಆದರೆ ಒಂದು ಹಿಡಿ ಮಣ್ಣಿನಲ್ಲಿ ಬರುವ ರೋಗ ಹಿಮಾಚಲದ ಎಷ್ಟು ತೋಟಗಳನ್ನು ತಿನ್ನಬಹುದು ಎಂಬುದನ್ನೂ ಯೋಚಿಸಬೇಕು.

ಹಾಗಾದರೆ ಮೆಟ್ರೋ ನಗರದ ನಾವು ಏನು ಮಾಡೋಣ? ದೆಹಲಿಯ ಕೇಳುಗರಿಗೆ ಒಳ್ಳೆಯ ಸುದ್ದಿ ಇದೆ. ಚೆರ್ರಿಯ ಹತ್ತಿರದ ನೆಂಟ ಪೀಚ್, ಹಿಂದಿಯ ಆಡೂ, ಅದರಲ್ಲಿ ಕಡಿಮೆ ಚಳಿ ಸಾಕೆನ್ನುವ ತಳಿಗಳಿವೆ. ಪಂಜಾಬಿನ ಬಯಲಿನಲ್ಲಿ ಬೆಳೆಯುವುದು ಅವನ್ನೇ. ದೊಡ್ಡ ಕುಂಡದಲ್ಲಿ ತಾರಸಿಯ ಮೇಲಿಡಿ, ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಕೊಡಿ. ಫೆಬ್ರವರಿಯ ಆಸುಪಾಸಿನಲ್ಲಿ ಎಲೆಯಿಲ್ಲದ ಕಡ್ಡಿಯ ಮೇಲೆ ಬರುವ ಆ ಗುಲಾಬಿ ಹೂವನ್ನು ಫೋಟೋದಲ್ಲಿ ನೋಡಿದವರು ಸಕುರಾ ಎಂದೇ ಅಂದುಕೊಳ್ಳುತ್ತಾರೆ.

ಉಳಿದ ಊರಿನವರು ಚಳಿಯ ಬದಲು ಬರವನ್ನು ಲೆಕ್ಕ ಹಾಕುವ ಗಿಡಗಳ ಕಡೆ ತಿರುಗಬೇಕು. ಮುಂಬೈಯಲ್ಲಿ ವಿಕ್ರೋಲಿ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಬದಿಯಲ್ಲಿ ಗುಲಾಬಿ ಬಣ್ಣದ ಸಾಲುಮರ ಕಂಡಿರುತ್ತೀರಿ, ಬಸಂತ್ ರಾಣಿ ಎನ್ನುತ್ತಾರೆ. ಬೆಂಗಳೂರಿನ ರಸ್ತೆಗಳಲ್ಲಿ ಅರಳಿದಾಗ 'ಬೆಂಗಳೂರಿನ ಚೆರ್ರಿ' ಎಂದು ಪತ್ರಿಕೆಗಳು ಫೋಟೋ ಹಾಕುವುದೂ ಇದೇ ಟಬೆಬುಯಾ. ಮಧ್ಯ ಅಮೆರಿಕ ಕಡೆಯ ಮರ, ಚೆರ್ರಿಗೂ ಅದಕ್ಕೂ ಸಂಬಂಧವಿಲ್ಲ. ಮಳೆಯಿಲ್ಲದ ತಿಂಗಳಲ್ಲಿ ಎಲೆ ಉದುರಿಸಿ ಹೂ ತಳೆಯುತ್ತದೆ. ಬಾಲ್ಕನಿಯಲ್ಲಿ ಆ ಕೆಲಸ ಮಾಡುವುದು ನಮ್ಮ ಹಳೆಯ ಕಾಗದದ ಹೂವಿನ ಗಿಡ, ಬೋಗನ್‌ವಿಲ್ಲಾ. ಮಳೆಗಾಲದಲ್ಲಿ ಚೆನ್ನಾಗಿ ಬೆಳೆಯಲು ಬಿಡಿ. ನವೆಂಬರ್ ದಾಟಿದ ಮೇಲೆ ಪೂರ್ತಿ ಬಿಸಿಲಿನಲ್ಲಿಟ್ಟು ನೀರು ಕಡಿಮೆ ಮಾಡಿ, ಎಲೆ ಜೋತುಬಿದ್ದಾಗ ಮಾತ್ರ ಸ್ವಲ್ಪ ಕೊಡಿ. ಕೆಲವು ವಾರ ಹೀಗೆ ಸತಾಯಿಸಿದರೆ ಬಣ್ಣ ತುಂಬಿಕೊಳ್ಳುತ್ತದೆ. ಸಾರಜನಕ ಹೆಚ್ಚಿರುವ ಗೊಬ್ಬರ ಹಾಕಿದರೆ ಬರೀ ಎಲೆ.

ಚೆಂಬೂರಿನ ಪಾಜಾ ಗಿಡ ಜನವರಿಯಲ್ಲಿ ರೈಲು ಹತ್ತಿತು. ಆ ತಾಯಿಯ ಮೈದುನನ ಮಗ ಸೇನೆಯಲ್ಲಿದ್ದಾನೆ, ಕಸೌಲಿಯಲ್ಲಿ. ರಜೆ ಮುಗಿಸಿ ಹೋಗುವಾಗ ಒದ್ದೆ ಗೋಣಿಯಲ್ಲಿ ಬೇರು ಸುತ್ತಿಕೊಂಡು ಹೋದ. ಅಲ್ಲಿ ಕ್ವಾರ್ಟರ್ಸಿನ ಹಿಂದೆ ನೆಲದಲ್ಲಿ ನೆಟ್ಟಿದ್ದಾನೆ, ಚಿಗುರಿದೆ, ಹೂ ಇನ್ನೂ ಬಂದಿಲ್ಲ. ಎಳೆಯ ಗಿಡ, ಕೆಲವು ವರ್ಷ ಬೇಕಾದೀತು. ಖಾಲಿಯಾದ ಕುಂಡದಲ್ಲಿ ಈಗ ಬೋಗನ್‌ವಿಲ್ಲಾ ಕೂತಿದೆ. ಮೊನ್ನೆ ಫೋನ್ ಮಾಡಿದ್ದರು.

"ಅಕ್ಕ, ನೀವು ಹೇಳಿದ ಹಾಗೆ ನೀರು ನಿಲ್ಲಿಸಿದೆ. ಆದರೆ ನಮ್ಮ ಅತ್ತೆಗೆ ಎಂಬತ್ತೆರಡು ವರ್ಷ. ಬಾಡಿದ ಗಿಡ ಮನೆಯಲ್ಲಿ ನೋಡಬಾರದು ಅಂತ ನಾನು ಮಲಗಿದ ಮೇಲೆ ಎದ್ದು ಚೊಂಬಿನಲ್ಲಿ ನೀರು ಹಾಕಿ ಬರುತ್ತಾರೆ. ಇವರಿಗೆ ಎಂತ ಹೇಳುವುದು?"